ಹೆಂಗಸರ ಏರು

ಕೋಲ್ಡ್ ವಿಲೋದ ಗಾಳಿಗೆ ದಣಿವೆಂಬುದಿಲ್ಲ. ನಾನು ಬಂದಿಳಿದ ದಿನವೇ ಅದು ನನ್ನ ತಲೆಯ ಮೇಲಿದ್ದ ಹಳೇ ಕಾಲದ ಬಾನೆಟ್ ಟೋಪಿಯನ್ನು ಕಿತ್ತೊಯ್ದು ಮುಳ್ಳುತಂತಿ ಬೇಲಿಗೆ ಸಿಕ್ಕಿಸಿತು. ಅದರ ಹಿಂದೆ ಓಡಿದೆ. ನನ್ನ ಹಿಂದೆ ಒಂದು ಕೂಗು ಓಡಿಬಂತು.

"ಸಿಸ್ಟರ್ ಓಕಲ್‌ಬೆರಿ! ನಿಲ್ಲೇ ತಾಯಿ! ನೀನು ಓಡಿದ್ರೆ ನಾನೂ ಓಡ್ಬೇಕು, ಗೊತ್ತಲ್ಲ?"

ಕೂಗಿದವಳು ಸಿಸ್ಟರ್ ಟುಯಿಫುವಾ, ನನಗೆ ಕೆಲಸ ಕಲಿಸಬೇಕಾಗಿದ್ದ ಸಂಗಾತಿ. ನಮ್ಮ ಕ್ರೈಸ್ತ ಸಭೆಯ ಒಂದೂವರೆ ವರ್ಷದ ಮಿಶನರಿ ಸೇವೆಯಲ್ಲಿ ಸಂಗಾತಿಯೆಂದರೆ ನೆರಳು. ಒಬ್ಬಳು ಇನ್ನೊಬ್ಬಳ ಕಣ್ಣಳತೆಯನ್ನೂ ಕಿವಿಯಳತೆಯನ್ನೂ ದಾಟುವಂತಿಲ್ಲ. ನಡುವೆ ಬರಬಹುದಾದದ್ದು ಕಕ್ಕಸಿನ ಬಾಗಿಲೊಂದೇ. ಟೋಪಿ ಬಿಡಿಸಿಕೊಂಡು ತಿರುಗಿ ನೋಡಿದರೆ ಅವಳು ಅರ್ಧ ದಾರಿಯಲ್ಲೇ ನಿಂತು, ಮೊಣಕಾಲಿಗೆ ಕೈಯೂರಿ ಉಸಿರೆಳೆದುಕೊಳ್ಳುತ್ತಿದ್ದಳು. ಅವಳು ಓಡಿದ್ದು ಅಂಗಳದಷ್ಟು ದೂರ ಮಾತ್ರ.

"ಟೋಂಗಾ ದ್ವೀಪದವರು ಓಡಲ್ಲ. ನಾವು ನಡೀತೀವಿ, ಲೋಕ ಕಾಯುತ್ತೆ," ಎಂದು ನಕ್ಕಳು. ತುಟಿ ನೀಲಿ ತಿರುಗಿತ್ತು. ಗಾಳಿಯ ಚಳಿ ಇರಬೇಕೆಂದುಕೊಂಡೆ.

ಕೋಲ್ಡ್ ವಿಲೋ ನಮ್ಮ ಸಭೆಯ ಸ್ಮಾರಕ ತಾಣ. ಅಲ್ಲಿ ನಾವು ಹೇಳಬೇಕಾದ ಕಥೆ ಒಂದೇ. ಎತ್ತು ಕೊಳ್ಳಲು ಗತಿಯಿಲ್ಲದ ನಮ್ಮ ಮೊದಲ ತಲೆಮಾರಿನ ವಿಶ್ವಾಸಿಗಳು ಸಾಮಾನು, ಮಕ್ಕಳು, ಮುದುಕರನ್ನು ಕೈಗಾಡಿಗೆ ಹೇರಿ, ತಾವೇ ಎತ್ತುಗಳಾಗಿ ಸಾವಿರ ಮೈಲಿ ಪಶ್ಚಿಮಕ್ಕೆ ಎಳೆದರು. ತಡವಾಗಿ ಹೊರಟವರು ವಯೋಮಿಂಗಿನ ಈ ಬಯಲಲ್ಲಿ ಹಿಮಕ್ಕೆ ಸಿಕ್ಕಿಬಿದ್ದರು. ಸತ್ತವರನ್ನು ಹೂಳಲು ಗುದ್ದಲಿ ನೆಲಕ್ಕಿಳಿಯಲಿಲ್ಲ. ಬಸ್ಸುಗಳಲ್ಲಿ ಬಂದಿಳಿಯುವವರಿಗೆ ಇದನ್ನು ನಾವು ನಿಲುಗಡೆ ನಿಲುಗಡೆಯಾಗಿ ಹೇಳಬೇಕು. ಪ್ರತಿ ನಿಲುಗಡೆಯ ಕೊನೆಗೆ ಕಣ್ಣು ತುಂಬಿಕೊಂಡು, ಇವರ ತ್ಯಾಗ ದೇವರ ಚಿತ್ತವಾಗಿತ್ತೆಂದು ನಾನು ಬಲ್ಲೆ ಎಂದು ಸಾಕ್ಷಿ ನುಡಿಯಬೇಕು.

ನನಗೆ ಕಣ್ಣು ತುಂಬುತ್ತಿರಲಿಲ್ಲ. ಕಾಲು ತುರಿಸುತ್ತಿತ್ತು. ಚಳಿ ಬರುವುದು ಗೊತ್ತಿದ್ದೂ ಇವರನ್ನು ಹೊರಡಿಸಿದವರು ಯಾರು? ಹೊರಡಿಸಿದವರ ಹೆಗಲಿಗೆ ಗಾಡಿಯ ಅಡ್ಡದಂಡ ತಾಗಿತ್ತೇ? ಯೂಟಾದ ನಮ್ಮೂರಿನ ಟರ್ಕಿ ಕೋಳಿ ಕಾರ್ಖಾನೆಯಲ್ಲಿ ನನ್ನಮ್ಮ ರೆಕ್ಕೆ ಕತ್ತರಿಸುವ ಸಾಲಿನಲ್ಲಿ ನಿಲ್ಲುತ್ತಾಳೆ. ಅವಳ ಬೆರಳುಗಳು ಈಗ ಮಡಚುವುದಿಲ್ಲ. ಭಾನುವಾರದ ಸಭೆಯಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿ, ಕೈಗಾಡಿ ಎಳೆದವರ ನಿಜವಾದ ಮೊಮ್ಮಗಳು ಎಂದು ಹೊಗಳುತ್ತಾರೆ. ಸೋಮವಾರ ಅದೇ ಸಾಲು, ಅದೇ ಚೂರಿ. ಹೊಗಳಿಕೆ ಎಷ್ಟು ಅಗ್ಗದ ಕೂಲಿ ಎಂಬುದನ್ನು ನಾನು ಅಮ್ಮನ ಬೆರಳಿನಿಂದ ಕಲಿತವಳು. ಹಾಗಾಗಿ ಆ ನಿಲುಗಡೆಗಳಲ್ಲಿ ನಿಂತಲ್ಲಿ ನಿಲ್ಲಲಾರದೆ ಹೆಜ್ಜೆ ಬದಲಿಸುತ್ತಿದ್ದೆ, ಬೇಲಿಯ ತನಕ ಹೋಗಿ ಬರುತ್ತಿದ್ದೆ. ನಾನು ಹೋದಲ್ಲೆಲ್ಲ ನೆರಳಿನಂತೆ ಟುಯಿಫುವಾ ಏದುಸಿರು ಬಿಡುತ್ತಾ ಬರಬೇಕಾಗುತ್ತಿತ್ತು.

"ನಿನ್ನ ಚಪ್ಪಲೀಲಿ ಇರುವೆ ಬಿಟ್ಕೊಂಡಿದೀಯಾ?" ಎನ್ನುವಳು. "ಒಂದ್ಕಡೆ ಕೂತ್ಕೊಳೇ. ಸತ್ತೋರು ಎಲ್ಲೂ ಓಡಿ ಹೋಗಲ್ಲ."

ತಾಣದ ಯಜಮಾನಿಕೆ ಎಲ್ಡರ್ ಬ್ರಿಮ್‌ಹಾಲ್ ಅವರದು. ಸೇವೆಗೆ ಬಂದ ಗಂಡಸರೆಲ್ಲ ನಮ್ಮಲ್ಲಿ ಎಲ್ಡರ್, ಹೆಂಗಸರೆಲ್ಲ ಸಿಸ್ಟರ್. ಊರಲ್ಲಿ ಪೀಠೋಪಕರಣದ ಅಂಗಡಿ ನಡೆಸಿ, ಮಕ್ಕಳಿಗೆ ಬಿಟ್ಟುಕೊಟ್ಟು, ಹೆಂಡತಿಯೊಂದಿಗೆ ಇಲ್ಲಿ ಸೇವೆಗೆ ಬಂದವರು. ಕೆಟ್ಟವರಲ್ಲ. ಗಾಳಿಗೆ ನಮ್ಮ ಟ್ರೇಲರ್ ಮನೆಯ ಬಾಗಿಲು ಕಿತ್ತುಹೋದರೆ ತಾವೇ ಸುತ್ತಿಗೆ ಹಿಡಿದು ಬರುವರು. ಆದರೆ ಅವರ ಕಣ್ಣೀರು ನಲ್ಲಿಯ ನೀರು, ಹಿಡಿ ತಿರುಗಿಸಿದರೆ ಸಾಕು. ಅಳುವವರ ಮುಂದೆ ಪ್ರಶ್ನೆ ಕೇಳುವುದು ಎಷ್ಟು ಕಷ್ಟವೆಂಬುದು ಅಳದವರಿಗೆ ಮಾತ್ರ ಗೊತ್ತು.

ಒಂದು ಮುಂಜಾನೆ ಬೇಗ ಎಚ್ಚರವಾಯಿತು. ಪಕ್ಕದ ಮಂಚದಲ್ಲಿ ಟುಯಿಫುವಾ ಮಲಗಿರಲಿಲ್ಲ. ದಿಂಬುಗಳನ್ನೆಲ್ಲ ಗೋಡೆಗೆ ಒಟ್ಟಿಕೊಂಡು, ಅದಕ್ಕೆ ಒರಗಿ, ಕೂತೇ ನಿದ್ದೆ ಹೋಗಿದ್ದಳು. ಕಂಬಳಿಯಾಚೆ ಚಾಚಿದ್ದ ಪಾದಗಳು ಊದಿಕೊಂಡಿದ್ದವು. ಹಗಲಲ್ಲಿ ಅವಳು ಬೂಟಿನ ಲಾಡಿಯನ್ನು ಕಟ್ಟದೆ ಒಳಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು ಸೋಮಾರಿತನಕ್ಕಲ್ಲ ಎಂದು ಆಗ ತಿಳಿಯಿತು.

ಅವಳು ಕಣ್ಣು ಬಿಟ್ಟಳು. "ಏನೇ ಹಾಗ್ ನೋಡ್ತೀಯಾ?"

"ನೀನು ಮಲಗೋದೇ ಇಲ್ವಾ?"

"ಮಲಗಿದ್ರೆ ಎದೆ ಮೇಲೆ ಯಾರೋ ಕೂತಂಗಾಗುತ್ತೆ."

"ಯಾರು?"

"ನಮ್ಮಜ್ಜಿ ಇರ್ಬೇಕು. ಅವಳದೂ ನನ್ನಷ್ಟೇ ತೂಕ."

ನಾನು ಅವಳ ಊದಿದ ಪಾದಗಳತ್ತ ಬೆರಳು ತೋರಿಸಿದೆ. ಅವಳು ಕಿಟಕಿಯಾಚೆಯ ಬಯಲನ್ನು ನೋಡುತ್ತಾ ತಗ್ಗಿದ ದನಿಯಲ್ಲಿ ಹೇಳಿದಳು. ಚಿಕ್ಕವಳಿದ್ದಾಗ ಗಂಟಲು ನೋವು ಬಂದು, ಜ್ವರವಾಗಿ, ಕೀಲೆಲ್ಲ ಊದಿ, ಕೊನೆಗೆ ಹೃದಯದ ಕವಾಟವೊಂದು ಕೆಟ್ಟಿತ್ತು. ಸೇವೆಗೆ ಹೊರಡುವಾಗ ಎಲ್ಲ ವಾಸಿಯಾಗಿದೆ ಎಂದುಬಿಟ್ಟಿದ್ದಳು. ಈ ಎತ್ತರದ ಬಯಲಿಗೆ ಬಂದಮೇಲೆ ಅದು ಮತ್ತೆ ತಲೆಯೆತ್ತಿತ್ತು.

"ಎಲ್ಡರ್ ಬ್ರಿಮ್‌ಹಾಲ್‌ಗೆ ಹೇಳೋಣ. ಇವತ್ತೇ," ಎಂದೆ.

"ಹೇಳು. ಸಂಜೆ ಒಳಗೆ ನನ್ನ ಪೆಟ್ಟಿಗೆ ಕಟ್ಟಿಸಿ ಮನೆಗೆ ಕಳಿಸ್ತಾರೆ."

"ಕಳಿಸ್ಲಿ! ಆಸ್ಪತ್ರೆ ಇದೆ ಅಲ್ಲಿ."

"ಆಸ್ಪತ್ರೆ ಇದೆ, ನಮ್ಮ ಸಭೆ ಜನಾನೂ ಇದಾರೆ." ಅವಳು ಕಂಬಳಿಯನ್ನು ಪಾದಕ್ಕೆ ಎಳೆದುಕೊಂಡಳು. "ನಮ್ಮ ದೊಡ್ಡಪ್ಪನ ಮಗ ಸೋನಿ ಸೇವೆಯಿಂದ ಅರ್ಧಕ್ಕೆ ವಾಪಸ್ ಬಂದ. ಮನಸ್ಸು ಸರಿ ಇರ್ಲಿಲ್ಲ ಅವನಿಗೆ. ಬಂದ ಭಾನುವಾರ ಒಬ್ಬೊಬ್ರೂ ಕೈ ಕುಲುಕಿ ಕೇಳಿದ್ರು, 'ಬೇಗ ಬಂದ್ಯಲ್ಲಪ್ಪಾ?' ಬೈಲಿಲ್ಲ, ಹೊಡೀಲಿಲ್ಲ. ಬರೀ ಕೈ ಕುಲುಕಿದ್ರು. ಆಮೇಲೆ ಅವನು ಬಾಗಿಲು ದಾಟಿ ಹೊರಗೆ ಬರ್ಲೇ ಇಲ್ಲ." ಉಸಿರು ತೆಗೆದುಕೊಂಡಳು. "ನಾನು ಹೊರಡುವಾಗ ಇಡೀ ಬೀದಿಗೆ ಹಂದಿ ಸುಟ್ಟು ಊಟ ಹಾಕಿದ್ರು. ನಮ್ಮಲ್ಲಿ ದೊಡ್ಡ ದಿನಕ್ಕೆ ಉಡೋ ಚಾಪೆ, ಅಜ್ಜೀನೇ ನೇಯ್ದದ್ದು, ಸೊಂಟಕ್ಕೆ ಕಟ್ಕೊಂಡು ಸಭೆಯ ವೇದಿಕೆ ಹತ್ತಿದೀನಿ ನಾನು. ಅದೇ ಚಾಪೇಲಿ ಸುತ್ತಿ ಹೆಣ ಕಳಿಸಿದ್ರೂ ಮರ್ಯಾದೆ. ಅರ್ಧಕ್ಕೆ ನಡ್ಕೊಂಡು ಹೋದ್ರೆ ಇಲ್ಲ."

ಎಂಥ ಮಾತು! ಇಪ್ಪತ್ತೊಂದು ವರ್ಷದ ಹುಡುಗಿಯ ಬಾಯಲ್ಲಿ ಇದನ್ನು ಯಾರೂ ತುರುಕಿರಲಿಲ್ಲ. ತುರುಕಬೇಕಾದ ಅಗತ್ಯವೂ ಇರಲಿಲ್ಲ. ನಾವು ದಿನಾ ಹೇಳುತ್ತಿದ್ದ ಕಥೆಯೇ ಅದಾಗಿತ್ತಲ್ಲ: ಸತ್ತು ತಲುಪಿದವರು ನಮ್ಮವರು, ಹಿಂದಿರುಗಿದವರ ಹೆಸರು ಯಾವ ನಿಲುಗಡೆಯಲ್ಲೂ ಇಲ್ಲ.

"ಯಾರಿಗೂ ಹೇಳಲ್ಲ ಅಂತ ಮಾತು ಕೊಡು," ಎಂದಳು.

"ಕೊಡಲ್ಲ."

"ಹಾಗಾದ್ರೆ ಹೇಳೇಬಿಡ್ತೀಯಾ?"

 ಎದ್ದು ಟ್ರೇಲರಿನೊಳಗೆ ಅತ್ತಿಂದಿತ್ತ ನಡೆದೆ. ಮೂರು ಹೆಜ್ಜೆಗೆ ಗೋಡೆ ಸಿಗುತ್ತಿತ್ತು.

ಅದೇ ದಿನ ಎಲ್ಡರ್ ಬ್ರಿಮ್‌ಹಾಲ್ ನಮ್ಮನ್ನು ಊಟಕ್ಕೆ ಕರೆದರು. ಅವರ ಹೆಂಡತಿ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ ಬಡಿಸುತ್ತಿದ್ದರೆ, ಅವರು ಶನಿವಾರದ ಸುದ್ದಿ ತೆಗೆದರು. ಪಕ್ಕದ ರಾಜ್ಯ ಐಡಾಹೊದಿಂದ ಯುವಜನರ ದೊಡ್ಡ ತಂಡವೊಂದು ಹಳೇ ಕಾಲದ ಉಡುಪಿನಲ್ಲಿ ಕೈಗಾಡಿ ನಡಿಗೆಗೆ ಬರುತ್ತಿತ್ತು. ನಡಿಗೆಯ ತಿರುಳು ಹೆಂಗಸರ ಏರು. ಗುಡ್ಡದ ಬುಡದಲ್ಲಿ ಗಂಡಸರನ್ನೆಲ್ಲ ಗಾಡಿಗಳಿಂದ ಬಿಡಿಸಿ ಮೇಲೆ ಕಳಿಸುತ್ತಾರೆ. ಅವರು ದಾರಿಯ ಎರಡೂ ಬದಿ ಟೋಪಿ ತೆಗೆದು ಸಾಲಾಗಿ ನಿಲ್ಲುತ್ತಾರೆ. ಹೆಣ್ಣುಮಕ್ಕಳಷ್ಟೇ ಗಾಡಿ ಎಳೆದು ಏರಬೇಕು. ಒಬ್ಬರೂ ಮಾತಾಡುವಂತಿಲ್ಲ, ಗಂಡಸರು ಒಂದು ಬೆರಳನ್ನೂ ತಾಗಿಸುವಂತಿಲ್ಲ.

"ಮುಂದಿನ ಗಾಡಿಗೆ ಸಿಸ್ಟರ್ ಟುಯಿಫುವಾ," ಎಂದರು ಎಲ್ಡರ್. "ದಾರಿ ತೋರ್ಸೋಕೆ ಇಂಥ ಗಟ್ಟಿ ಹೆಗಲು ಬೇಕು. ಏನಂತೀರಾ ಸಿಸ್ಟರ್?"

"ನಾನು ಎಳೀತೀನಿ ಎಲ್ಡರ್, ನನ್ನ ಮುಂದೆ ಹಾಕಿ," ಎಂದು ನಾನು ಬಾಯಿ ಹಾಕಿದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. "ನೀವಾ? ಗಾಳಿ ಬಂದ್ರೆ ಗಾಡಿಗಿಂತ ಮುಂಚೆ ನೀವು ಐಡಾಹೊ ಸೇರ್ತೀರಿ. ಸಿಸ್ಟರ್ ಟುಯಿಫುವಾನ ನೋಡಿ. ದೇವರು ಅವರ ಜನಾನ ಇದಕ್ಕೇ ಕಡೆದಿದಾನೆ."

ಟುಯಿಫುವಾ ಮುಳ್ಳುಚಮಚದಿಂದ ಆಲೂಗಡ್ಡೆ ಕೆದಕುತ್ತಾ ನಕ್ಕಳು. ಅವಳು ಹುಟ್ಟಿದಾಗಿನಿಂದ ಈ ಮಾತು ಕೇಳಿದವಳು. ಮೈ ದೊಡ್ಡದಿದ್ದರೆ ನೋವು ಸಣ್ಣದಿರಬೇಕು ಎಂಬುದು ಲೋಕದ ಲೆಕ್ಕ. ಪಿಯಾನೊ ಸಾಗಿಸಲು ಅವಳು, ಕೆಸರಲ್ಲಿ ಹೂತ ಬಸ್ಸು ತಳ್ಳಲು ಅವಳು. ನೀನು ಚೆನ್ನಾಗಿದ್ದೀಯಾ ಎಂದು ಕೇಳಲು ಯಾರೂ ಇಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ಎಲ್ಡರ್, ಒಂದು ಮಾತು. ಆ ಗಂಡಸರು ಹೋಗಿದ್ದೆಲ್ಲಿಗೆ?"

"ಯಾವ ಗಂಡಸರು?"

"ಹೆಂಗಸರೇ ಎಳೀಬೇಕಾದ್ರೆ ಗಂಡಸರು ಎಲ್ಲೋ ಹೋಗಿರ್ಬೇಕಲ್ಲ."

"ಸೈನ್ಯಕ್ಕೆ ಸೇರ್ಸಿಕೊಂಡ್ರು ಅಂತ ಹೇಳ್ತೀವಲ್ಲ ಸಿಸ್ಟರ್."

"ಅದು ಕೈಗಾಡಿಗಿಂತ ಹತ್ತು ವರ್ಷ ಹಿಂದಿನ ಮಾತು. ಇಲ್ಲಿ ಗಂಡಸರು ಪಕ್ಕದಲ್ಲೇ ಎಳೀತಿದ್ರು. ಎಳೆದೂ ಎಳೆದೂ ಮೊದಲು ಸತ್ತೋರೇ ಅವರು. ಟೋಪಿ ಕೈಲಿ ಹಿಡ್ಕೊಂಡು ನೋಡ್ತಾ ನಿಂತೋರು ಯಾರೂ ಇರ್ಲಿಲ್ಲ."

 ಸಿಸ್ಟರ್ ಬ್ರಿಮ್‌ಹಾಲ್ ನನ್ನ ತಟ್ಟೆಗೆ ಇನ್ನೊಂದು ಬನ್ನು ಹಾಕಿದರು, ಬಾಯಿ ಮುಚ್ಚಲೆಂದೇ ಇರಬೇಕು. ಎಲ್ಡರ್ ಮಾತ್ರ ಮೃದುವಾಗಿಯೇ ಹೇಳಿದರು: "ಅಲ್ಲಿ ಮುಖ್ಯ ಇತಿಹಾಸ ಅಲ್ಲಮ್ಮ, ಅನುಭವ. ಹುಡುಗೀರು ಅಳ್ತಾ ಮೇಲೆ ಬರೋದನ್ನ ಒಂದ್ಸಲ ನೋಡಿ. ಪವಿತ್ರಾತ್ಮ ಕಣ್ಣಿಗೆ ಕಾಣುತ್ತೆ."

ಹೊರಗೆ ಬಂದಮೇಲೆ ಟುಯಿಫುವಾಳ ತೋಳು ಹಿಡಿದು ನಿಲ್ಲಿಸಿದೆ. "ಈಗ ವಾಪಸ್ ಒಳಗೆ ಹೋಗಿ ಹೇಳ್ತೀನಿ."

"ಒಂದೇ ಒಂದು ಏರು ಕಣೇ. ಮೇಲೆ ಮುಟ್ಟಿದ ಮೇಲೆ ನಾನೇ ಹೇಳ್ತೀನಿ, ಆಣೆ. ಏರು ಹತ್ತಿ ಹೃದಯ ಕೆಟ್ಟಿತು ಅಂದ್ರೆ ಅದೊಂಥರ ಗಾಯ. ಗಾಯ ಆಗಿ ಹೋದೋರನ್ನ ಜನ ಕೇಳಲ್ಲ." ಕಣ್ಣು ಮಿಟುಕಿಸಿದಳು. "ನೋಡು, ಎಲ್ಲಾ ಲೆಕ್ಕ ಹಾಕಿದೀನಿ."

ಅವಳನ್ನು ಅಲ್ಲೇ ಬಿಟ್ಟು ಒಳಗೆ ನುಗ್ಗಿದೆ. ಎಲ್ಡರ್ ಫೋನಿನಲ್ಲಿ ಐಡಾಹೊದವರೊಂದಿಗೆ ಮಾತಾಡುತ್ತಿದ್ದರು. ಸಿಸ್ಟರ್ ಬ್ರಿಮ್‌ಹಾಲ್‌ಗೆ ಹೇಳಿದೆ: "ಸಿಸ್ಟರ್ ಟುಯಿಫುವಾಗೆ ಉಸಿರು ಸಾಲ್ತಿಲ್ಲ. ಕೂತ್ಕೊಂಡೇ ನಿದ್ದೆ ಮಾಡ್ತಾಳೆ. ಡಾಕ್ಟರಿಗೆ ತೋರಿಸ್ಬೇಕು." ಅವರು ಗಾಬರಿಯಾಗಿ ಬಾಗಿಲಿಗೆ ಬಂದರು. ಅಲ್ಲಿ ಟುಯಿಫುವಾ ಎದೆ ಸೆಟೆಸಿ ನಿಂತು, ಮುಖದ ತುಂಬ ನಗು ಹೊತ್ತು, "ಅಯ್ಯೋ ಸಿಸ್ಟರ್, ನಾನು ಗೊರಕೆ ಹೊಡೀತೀನಿ ಅಂತ ಚಾಡಿ ಹೇಳ್ತಿದಾಳೆ ಇವಳು!" ಎಂದುಬಿಟ್ಟಳು. ಮುದುಕಿ ನಿರಾಳವಾಗಿ ನಕ್ಕರು. "ಹೊಸಬರಿಗೆ ಮೊದಮೊದಲು ಎಲ್ಲಾ ಹೀಗೇ ಅನ್ಸುತ್ತೆ. ಬೆಚ್ಚಗೆ ಮಲಗು ಮಗಳೇ," ಎಂದು ನನ್ನ ಕೆನ್ನೆ ಸವರಿದರು.

ನಿಜ ಹೇಳಿದವಳ ಕೆನ್ನೆ ಸವರಿ ಮಲಗಿಸುತ್ತಾರೆ. ಸುಳ್ಳು ನಗುವಿನವಳಿಗೆ ಗಾಡಿ ಕಟ್ಟುತ್ತಾರೆ.

ಶನಿವಾರ ಬಂತು. ಬಸ್ಸುಗಳಿಂದ ಉದ್ದ ಲಂಗದ ಹುಡುಗಿಯರು, ಹೆಗಲಪಟ್ಟಿಯ ಪ್ಯಾಂಟಿನ ಹುಡುಗರು ಇಳಿದರು. ಗಾಡಿಗಳಿಗೆ ಮರಳು ತುಂಬಿದ ಹಿಟ್ಟಿನ ಚೀಲಗಳನ್ನೂ ನೀರಿನ ಡಬ್ಬಗಳನ್ನೂ ಹೇರಿದರು. ಗುಡ್ಡದ ಬುಡದಲ್ಲಿ ಎಲ್ಡರ್ ಬ್ರಿಮ್‌ಹಾಲ್ ಕೈ ಬೀಸಿ ಗಂಡಸರನ್ನು ಬೇರ್ಪಡಿಸಿದರು. ಅಪ್ಪಂದಿರು, ಅಣ್ಣಂದಿರು ಮೇಲೇರಿ ಎರಡು ಸಾಲಾಗಿ ನಿಂತು ಟೋಪಿಯನ್ನು ಎದೆಗೊತ್ತಿಕೊಂಡರು. ಗಾಳಿಯೊಂದನ್ನು ಬಿಟ್ಟರೆ ಸದ್ದಿಲ್ಲ.

ಟುಯಿಫುವಾ ಮೊದಲ ಗಾಡಿಯ ಅಡ್ಡದಂಡದೊಳಗೆ ಹೊಕ್ಕಳು. ನಾನು ಅವಳ ಪಕ್ಕದಲ್ಲೇ ತೂರಿಕೊಂಡೆ. ಸಂಗಾತಿಯನ್ನು ಬಿಟ್ಟಿರಬಾರದಲ್ಲ! ಹಿಂದಿನಿಂದ ಹಲ್ಲಿಗೆ ತಂತಿ ಹಾಕಿದ್ದ ಕೆಂಗೂದಲಿನ ಹುಡುಗಿಯೊಬ್ಬಳು, ಅವಳೊಂದಿಗೆ ಇನ್ನಿಬ್ಬರು ತಳ್ಳುತ್ತಿದ್ದರು. ಸಡಿಲ ಮಣ್ಣಿನಲ್ಲಿ ಚಕ್ರ ಹೂತು, ಎದ್ದು, ಮತ್ತೆ ಹೂತಿತು. ನನ್ನೆಲ್ಲ ಬಲ ಹಾಕಿದೆ. ಇಷ್ಟು ದಿನ ಚಡಪಡಿಸಿದ ಕಾಲುಗಳಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು. ಆದರೆ ಕಿವಿ ಪಕ್ಕದಲ್ಲಿತ್ತು. ಅವಳ ಉಸಿರಿನಲ್ಲಿ ನೀರು ಗೊಳಗುಟ್ಟುವ ಸದ್ದು ಕೇಳಿಸುತ್ತಿತ್ತು.

"ಬಿಡು," ಎಂದು ಪಿಸುಗುಟ್ಟಿದೆ.

"ಶ್," ಎಂದಳು. ಬೈಗುಳಕ್ಕೂ ಅವಳಲ್ಲಿ ಗಾಳಿ ಉಳಿದಿರಲಿಲ್ಲ.

ಏರಿನ ನೆತ್ತಿ ಕಾಣುತ್ತಿತ್ತು. ಅಷ್ಟರಲ್ಲಿ ಅವಳ ಕೈ ದಂಡದಿಂದ ಜಾರಿತು. ಮೊಣಕಾಲು ಮಡಚಿ ಮಣ್ಣಿಗೆ ಕುಸಿದಳು. ಎರಡೂ ಕೈ ಎದೆಗೆ ಒತ್ತಿದ್ದವು. ತಲೆ ಬಾಗಿತ್ತು.

ಸಾಲಿನಲ್ಲಿದ್ದ ಒಬ್ಬ ಮುದುಕ ಬಿಕ್ಕಿದ. ಅವನ ಪಕ್ಕದವನೂ ಬಿಕ್ಕಿದ. ಟೋಪಿಗಳು ಎದೆಗೆ ಇನ್ನಷ್ಟು ಒತ್ತಿಕೊಂಡವು. ಮೊದಲು ನನಗೆ ಅರ್ಥವೇ ಆಗಲಿಲ್ಲ. ಹಿಂದೆ ನೋಡಿದರೆ ಎರಡನೇ ಗಾಡಿಯ ಹುಡುಗಿಯರು ದಂಡ ಕೆಳಗಿಟ್ಟು ಮಂಡಿಯೂರುತ್ತಿದ್ದರು. ಅವರನ್ನು ಕಂಡು ಮೂರನೆಯವರು. ಗುಡ್ಡದ ಕೆಳಗಿನ ತನಕ ಲಂಗಗಳು ಒಂದೊಂದಾಗಿ ಮಣ್ಣಿಗಿಳಿದವು, ತಲೆಗಳು ಬಾಗಿದವು. ಅವಳು ಪ್ರಾರ್ಥನೆಗೆ ಕೂತಳೆಂದು ಅಷ್ಟೂ ಜನ ನಂಬಿದ್ದರು! ಪವಿತ್ರಾತ್ಮ ಇಳಿದಿದೆಯೆಂದು ಅಷ್ಟೂ ಜನ ಅಳುತ್ತಿದ್ದರು. ಸಾಯುತ್ತಿರುವವಳನ್ನು ನಡುವೆ ಇಟ್ಟುಕೊಂಡು ಗುಡ್ಡಕ್ಕೆ ಗುಡ್ಡವೇ ಭಕ್ತಿಯಲ್ಲಿ ಮುಳುಗಿತ್ತು. ನಿಂತಿದ್ದವಳು ನಾನೊಬ್ಬಳೇ.

"ಬನ್ರೋ! ಯಾರಾದ್ರೂ ಬನ್ರೋ!" ಎಂದು ಕಿರುಚಿದೆ.

ಎಲ್ಡರ್ ಬ್ರಿಮ್‌ಹಾಲ್ ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿರಲು ತುಟಿಗೆ ಬೆರಳಿಟ್ಟರು. "ಸಿಸ್ಟರ್... ಈ ಕ್ಷಣಾನ ಕೆಡಿಸ್ಬೇಡಿ."

"ಕ್ಷಣ ಅಲ್ಲ ರೀ, ಹೃದಯ ಕೆಟ್ಟಿರೋದು! ಕಣ್ಣೊರೆಸ್ಕೊಂಡು ನೋಡಿ, ತುಟಿ ನೀಲಿ ಆಗಿದೆ!"

ಅವರು ನೋಡಿದರು. ಆದರೂ ಕಾಲು ಏಳಲಿಲ್ಲ. ನೆರವಾಗಬಾರದು ಎಂಬುದನ್ನು ಅಷ್ಟು ಚೆನ್ನಾಗಿ ಅಭ್ಯಾಸ ಮಾಡಿಕೊಂಡಿದ್ದರು. ನಾನು ಕಾಯಲಿಲ್ಲ. ಗಾಡಿ ಹತ್ತಿ ಮರಳಿನ ಚೀಲಗಳನ್ನು ಒಂದೊಂದಾಗಿ ಹೊರಗೆ ಒದ್ದೆ. ನೀರಿನ ಡಬ್ಬಗಳು ದಾರಿಯಲ್ಲಿ ಒಡೆದವು. ಕೆಂಗೂದಲಿನ ಹುಡುಗಿ ಎದ್ದು ನಿಂತು, "ಕಾಲು ನಾನು ಹಿಡೀತೀನಿ!" ಎಂದಳು. ಆ ಬಾಯಿಯ ತಂತಿ ಫಳ್ಳೆಂದು ಹೊಳೆಯಿತು. ನಾಲ್ವರೂ ಸೇರಿ ಟುಯಿಫುವಾಳನ್ನು ಎತ್ತಿ, ಬೆನ್ನಿಗೆ ನಮ್ಮ ಶಾಲುಗಳನ್ನು ಒಟ್ಟಿ, ಗಾಡಿಯಲ್ಲಿ ಒರಗಿಸಿ ಕೂರಿಸಿದೆವು. ಮಲಗಿಸಿದರೆ ಎದೆಯ ಮೇಲೆ ಅಜ್ಜಿ ಕೂರುತ್ತಾಳೆಂದು ನನಗೆ ಗೊತ್ತಿತ್ತು.

ನಂತರ ಗಾಡಿಯನ್ನು ತಿರುಗಿಸಿದೆ.

ಕೋಲ್ಡ್ ವಿಲೋದಲ್ಲಿ ಗಾಡಿ ಹಿಂದಕ್ಕೆ ತಿರುಗುವುದಿಲ್ಲ. ಅದು ನಮ್ಮ ಪಾಠದ ಕೊನೆಯ ನಿಲುಗಡೆಯ ಕೊನೆಯ ವಾಕ್ಯ. ತಿರುಗಿದ ಗಾಡಿ ಇಳಿಜಾರಿನಲ್ಲಿ ಮೈಮೇಲೆ ಬಂತು. ಹಿಮ್ಮಡಿಯೂರಿ ತಡೆದೆ, ಜಾರಿದೆ, ಮತ್ತೆ ತಡೆದೆ. ಮಂಡಿಯೂರಿದ್ದ ಹುಡುಗಿಯರು ಚೀರಿ ದಾರಿ ಬಿಟ್ಟರು. ಅರ್ಧ ಇಳಿದಿದ್ದೆವೋ ಏನೋ, ಸಾಲಿನಿಂದ ಯಾರದೋ ಅಪ್ಪ ಟೋಪಿ ಎಸೆದು ಓಡಿಬಂದು ಚಕ್ರಕ್ಕೆ ಹೆಗಲು ಕೊಟ್ಟ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಎಷ್ಟು ಜನ ಬಂದರೋ. ಬುಡದಲ್ಲಿ ತಂಡದ ನರ್ಸು ಆಮ್ಲಜನಕದ ಮುಖವಾಡ ಹಾಕಿದಳು. ಪಟ್ಟಣದಿಂದ ಆಂಬುಲೆನ್ಸ್ ಬರುವತನಕ ಟುಯಿಫುವಾ ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದಿದ್ದಳು.

ನಾನು ಆಂಬುಲೆನ್ಸಿನ ಮೆಟ್ಟಿಲಿಗೆ ಕಾಲಿಟ್ಟಾಗ ಎಲ್ಡರ್ ಬ್ರಿಮ್‌ಹಾಲ್ ಅಡ್ಡ ಬಂದರು. ಮುಖ ಬಿಳಿಚಿಕೊಂಡಿತ್ತು, ಆದರೂ ಅಭ್ಯಾಸದ ಬಾಯಿ ಸುಮ್ಮನಿರಲಿಲ್ಲ. "ಮಿಶನ್ ಅಧ್ಯಕ್ಷರ ಅಪ್ಪಣೆ ಇಲ್ದೆ ತಾಣ ಬಿಟ್ಟು ಹೋಗೋ ಹಾಗಿಲ್ಲ ಸಿಸ್ಟರ್. ನಾನು ಫೋನ್ ಮಾಡಿ..."

"ಸಂಗಾತಿಯ ಕಣ್ಣಳತೆ, ಕಿವಿಯಳತೆ ದಾಟ್ಬಾರ್ದು," ಎಂದೆ. "ಬಂದ ದಿನ ನೀವೇ ಓದ್ಸಿದ್ದು."

ಬಾಗಿಲು ಎಳೆದುಕೊಂಡೆ.

ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಸ್ಪತ್ರೆಯಲ್ಲಿ ಅದನ್ನು ಇಳಿಸಿದರು. ಕವಾಟ ಬದಲಿಸಬೇಕು, ಸಾಲ್ಟ್ ಲೇಕ್ ನಗರದ ಆಸ್ಪತ್ರೆಗೆ ಕಳಿಸುತ್ತೇವೆ, ಸೇವೆ ಗೀವೆ ಎಲ್ಲ ಇಲ್ಲಿಗೆ ಮುಗಿಯಿತು ಎಂದು ವೈದ್ಯೆ ಖಡಾಖಂಡಿತವಾಗಿ ಹೇಳಿಹೋದಳು. ಟುಯಿಫುವಾ ಗೋಡೆಗೆ ಮುಖ ತಿರುಗಿಸಿದಳು.

"ಏರು ಮುಗಿಸೋಕೆ ಬಿಡ್ಲಿಲ್ಲ ನೀನು."

"ಅದು ನಿನ್ನ ಮುಗಿಸ್ತಿತ್ತು."

"ಮಾತಿಗೇನು ಕಮ್ಮಿ ಇಲ್ಲ," ಎಂದಳು ಗೋಡೆಗೆ.  ನಾನು ಕಿಟಕಿಗೂ ಬಾಗಿಲಿಗೂ ನಡುವೆ ನಡೆಯುತ್ತಿದ್ದೆ. ಇಲ್ಲಿ ಗೋಡೆ ಸಿಗಲು ಸ್ವಲ್ಪ ಹೆಚ್ಚು ಹೆಜ್ಜೆ ಬೇಕಿತ್ತು.

ಸಂಜೆ ಫೋನ್ ಬಂತು. ಸಿಸ್ಟರ್ ಬ್ರಿಮ್‌ಹಾಲ್. ಟುಯಿಫುವಾಳೂ ಕೇಳಲೆಂದು ಫೋನಿನ ದನಿ ದೊಡ್ಡದು ಮಾಡಿ ಹಾಸಿಗೆಯ ಮೇಲಿಟ್ಟೆ.

"ಹೇಗಿದಾಳಮ್ಮ ನಮ್ಮ ಹುಡುಗಿ? ದಿನವಿಡೀ ಪ್ರಾರ್ಥನೆ ಮಾಡ್ತಿದೀವಿ. ನೀನು ಅವತ್ತೇ ಹೇಳಿದ್ದೆ, ನಾನು ನಕ್ಕುಬಿಟ್ಟೆ..." ಅವರ ದನಿ ಒಡೆಯಿತು. ಅದು ನಿಜವಾದ ಅಳುವಾಗಿತ್ತು, ನನಗೆ ಗೊತ್ತಾಯಿತು. ಸಾವರಿಸಿಕೊಂಡು ಮುಂದುವರಿಸಿದರು. "ಈಗಷ್ಟೇ ಸಾಕ್ಷಿ ಸಭೆ ಮುಗೀತು. ಒಬ್ಬೊಬ್ಬ ಹುಡುಗೀನೂ ಎದ್ದು ನಿಂತು ಅವಳ ಬಗ್ಗೆನೇ ಹೇಳಿದ್ಲು. ಸಾವು ಎದುರಿಗಿದ್ರೂ ಮಂಡಿಯೂರಿ ಪ್ರಾರ್ಥನೆ ಮಾಡಿದ್ಲು ಅಂತ. ಎಲ್ಡರ್ ಅಂತಾರೆ, ಆ ಜಾಗದಲ್ಲಿ ಒಂದು ಹಲಗೆ ಹಾಕೋಣ. ಮುಂದೆ ಬರೋ ತಂಡಗಳೆಲ್ಲ ಅಲ್ಲಿ ಮಂಡಿಯೂರಿ ಮುಂದೆ ಹೋಗ್ಲಿ ಅಂತ."

ನನ್ನ ಮೈ ಉರಿದುಹೋಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಯ ಕಡೆಯಿಂದ ದೊಡ್ಡ ಕೈಯೊಂದು ಬಂದು ಆಮ್ಲಜನಕದ ಮುಖವಾಡವನ್ನು ಗಲ್ಲಕ್ಕೆ ಜಗ್ಗಿತು.

"ನನ್ನ ಆಗ್ಲೇ ಕಥೆ ಮಾಡ್ಬಿಟ್ರಾ? ನಾನಿನ್ನೂ ಸತ್ತಿಲ್ಲ ಅಂತ ಹೇಳು." ಮತ್ತೆ, "ಬೇಡ, ಇಲ್ಲಿ ಕೊಡು," ಎಂದು ಫೋನನ್ನು ತಾನೇ ಬಾಯಿಯ ಹತ್ತಿರ ಎಳೆದುಕೊಂಡಳು.

"ಸಿಸ್ಟರ್ ಬ್ರಿಮ್‌ಹಾಲ್, ನಾನು ಟುಯಿಫುವಾ. ನಾನು ಪ್ರಾರ್ಥನೆ ಮಾಡ್ಲಿಲ್ಲ. ಬಿದ್ದೆ. ನನ್ನ ಹೃದಯ ಕೆಟ್ಟಿತ್ತು, ಗೊತ್ತಿದ್ದೂ ಮುಚ್ಚಿಟ್ಟೆ, ಅವತ್ತು ನಿಮ್ಮ ಬಾಗಿಲಲ್ಲೂ ಸುಳ್ಳು ಹೇಳ್ದೆ." ನಿಂತು, ಉಸಿರು ಒಳಗೆಳೆದುಕೊಂಡಳು. "ನಾನು ಅರ್ಧಕ್ಕೆ ಮನೆಗೆ ಹೋಗ್ತಿದೀನಿ. ಹಲಗೆ ಹಾಕ್ಸೋದಾದ್ರೆ ಇದನ್ನೇ ಬರೆಸಿ. ಇಲ್ಲಾಂದ್ರೆ ಹಾಕಿಸ್ಬೇಡಿ."

 ಆ ಕಡೆಯ ಗಾಳಿಯ ಸದ್ದಿನ ನಡುವೆ ಮುದುಕಿಯ ದನಿ, "ಆಯ್ತು ಮಗಳೇ," ಎಂದಿತು. ಫೋನ್ ನಿಂತಿತು.

ಟುಯಿಫುವಾ ದಿಂಬಿಗೆ ಒರಗಿದಳು.  ಫೋನನ್ನು ನನ್ನ ಕಡೆ ಚಾಚಿದಳು.

"ಈಗ ಅಜ್ಜಿಗೆ ಹಚ್ಚು."

"ಮನೆಗೆ ಫೋನ್ ಮಾಡೋದು ಸೋಮವಾರ ಮಾತ್ರ."

"ಹಚ್ಚೇ, ನಿಯಮದ ಹೆಂಡ್ತಿ!"

ಹಚ್ಚಿದೆ. ಆ ಕಡೆ ಗಂಟೆ ಬಡಿಯತೊಡಗಿತು. ಅವಳು ನನ್ನ ಲಂಗದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ನಾನು ನಡೆಯುವುದನ್ನು ನಿಲ್ಲಿಸಿ ಮಂಚದ ಅಂಚಿನಲ್ಲಿ ಕೂತೆ.